ಗೋಡೆ ಬದಿಯ ಜಾಗ

ಕನ್ಯಾಮಠದ ಹಿಂಭಾಗದ ಕೋಣೆಯಲ್ಲಿ ಪೂಜೆಯ ರೊಟ್ಟಿ ಸುಡುವ ಕೆಲಸ ಚಿಕ್ಕಿಯದು. ಅವಳು ಚಿಕ್ಕಿಯಾದದ್ದು ಅಕ್ಕನ ಮಗಳಿಗೆ. ಆ ಹುಡುಗಿ ಸಣ್ಣವಳಿದ್ದಾಗ ಮಠದ ಅಂಗಳದಲ್ಲಿ ನಿಂತು ಚಿಕ್ಕೀ ಅಂತ ಕೂಗಿದ್ದೇ ನೆಪ, ಸಿಸ್ಟರುಗಳಿಗೆ, ಹಾಲಿನವನಿಗೆ, ಚರ್ಚಿನ ಗಂಟೆ ಹೊಡೆಯುವವನಿಗೆ, ಎಲ್ಲರಿಗೂ ಅವಳು ಚಿಕ್ಕಿಯೇ ಆಗಿಬಿಟ್ಟಳು. ಅವಳಿಗಿಂತ ಹಿರಿಯರಾದ ಸಿಸ್ಟರೂ ಅವಳನ್ನು ಹಾಗೇ ಕರೆಯುತ್ತಾರೆ.

ರೊಟ್ಟಿಗೆ ಬೇಕಾದ್ದು ಗೋಧಿ ಹಿಟ್ಟು ಮತ್ತು ನೀರು, ಅಷ್ಟೇ. ಉಪ್ಪಿಲ್ಲ, ಎಣ್ಣೆಯಿಲ್ಲ, ಹುಳಿಯಿಲ್ಲ. ಹಿಟ್ಟನ್ನು ಎರಡು ಸಲ ಜರಡಿ ಹಿಡಿದು, ತಣ್ಣೀರು ಹೊಯ್ದು, ಗಂಟಿಲ್ಲದಂತೆ ಕದಡಬೇಕು. ಸೌಟಿನಿಂದ ಎತ್ತಿ ಬಿಟ್ಟರೆ ಧಾರೆ ಕಡಿಯದೆ ಇಳಿಯಬೇಕು. ಎರಡು ಮುಖದ ಕರೆಂಟಿನ ಕಬ್ಬಿಣದ ಹಂಚು ಕಾದಾಗ ಒಂದು ಸೌಟು ಹೊಯ್ದು ಮೇಲಿನ ಮುಖವನ್ನು ಒತ್ತಿ ಮುಚ್ಚಿದರೆ ಅಂಚಿನಿಂದ ಆವಿ ಸಿಳ್ಳೆ ಹಾಕುತ್ತ ಬರುತ್ತದೆ. ಸಿಳ್ಳೆ ನಿಂತಿತೋ, ತೆಗೆಯಬೇಕು. ಒಂದು ಉಸಿರು ತಡವಾದರೂ ಕೆಂಪಾಗುತ್ತದೆ, ಕೆಂಪಾದದ್ದು ಪೂಜೆಯ ಪೀಠಕ್ಕೆ ಹೋಗುವುದಿಲ್ಲ. ಕಾಗದದಷ್ಟು ತೆಳ್ಳಗಿನ ಆ ಹಾಳೆಗಳನ್ನು ಒದ್ದೆ ಬಟ್ಟೆ ಹಾಸಿದ ಮರದ ಪೆಟ್ಟಿಗೆಯಲ್ಲಿ ಮಾರನೆಯ ದಿನದವರೆಗೆ ಮಲಗಿಸಬೇಕು. ಇಲ್ಲದಿದ್ದರೆ ಕತ್ತರಿಸುವ ಯಂತ್ರದ ಬಾಯಿಗೆ ಇಟ್ಟ ಕೂಡಲೇ ಒಣ ಎಲೆಯ ಹಾಗೆ ಒಡೆದುಹೋಗುತ್ತವೆ. ಮೆತ್ತಗಾದ ಮೇಲೆ ಯಂತ್ರದ ಕಾಲುಮಣೆ ತುಳಿದರೆ ಟಕ್ ಎಂದು ಬಿಲ್ಲೆಗಳು ಬೀಳುತ್ತವೆ. ಜನರಿಗೆ ಸಣ್ಣವು, ಪೂಜೆ ಮಾಡುವ ಗುರುಗಳಿಗೆ ದೊಡ್ಡವು. ಪುಡಿ ಜಾಡಿಸಿ, ಮುರಿದದ್ದನ್ನು ಆರಿಸಿ, ಡಬ್ಬಿಗಳಿಗೆ ತುಂಬಿದರೆ ಅವು ಮೂರು ಚರ್ಚುಗಳಿಗೆ ಹೋಗುತ್ತವೆ.

“ಮೂರು ಚರ್ಚಿನ ಜನಕ್ಕೆ ಬಡಿಸೋಳು ನೀನೇ ಅಲ್ವೇನೇ,” ಎಂದು ಆ ಕೋಣೆಯ ಉಸ್ತುವಾರಿ ನೋಡುವ ಮುದಿ ಸಿಸ್ಟರು ಆಗಾಗ ತಮಾಷೆ ಮಾಡುತ್ತಿದ್ದರು. ಹಂಚಿನ ಸಿಸ್ಟರ್ ಎಂದೇ ಅವರಿಗೆ ಹೆಸರು. “ಬಿಷಪ್ಪರೂ ನಿನ್ನ ಕೈ ಅಡುಗೆ ತಿಂದೋರೇ.”

ಚಿಕ್ಕಿ ನಕ್ಕು ಹಿಟ್ಟು ಕದಡುತ್ತಿದ್ದಳು. ಮೂರು ಚರ್ಚಿನ ಜನಕ್ಕೆ ರೊಟ್ಟಿ ಮಾಡುವ ಅವಳು ತಾನು ಮಾತ್ರ ಅದನ್ನು, ಪೂಜೆಯಲ್ಲಿ ಗುರುಗಳು ಕೊಡುವ ಪರಮಪ್ರಸಾದವಾಗಿ, ಸ್ವೀಕರಿಸಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅದು ಸಿಸ್ಟರಿಗೆ ಗೊತ್ತಿರಲಿಲ್ಲ. ಮಠದ ಪ್ರಾರ್ಥನಾಲಯದಲ್ಲಿ ಬೆಳಗಿನ ಬಲಿಪೂಜೆ ನಡೆಯುವಾಗ ಚಿಕ್ಕಿ ಹಂಚಿನ ಮುಂದೆ ಇರುತ್ತಿದ್ದಳು. ಕಾದ ಹಂಚನ್ನು ಬಿಟ್ಟು ಬರಲಾಗುವುದಿಲ್ಲ ಅನ್ನುವುದು ಯಾರಿಗೂ ಸಂಶಯ ಬರದ ಮಾತು. ಭಾನುವಾರ ಅವಳು ತನ್ನ ಚರ್ಚಿನಲ್ಲಿ ತೆಗೆದುಕೊಳ್ಳುತ್ತಾಳೆ ಎಂದು ಸಿಸ್ಟರುಗಳು ತಿಳಿದಿದ್ದರು. ಮಠದಲ್ಲಿ ದಿನಾ ಸಿಗುತ್ತದಲ್ಲ, ಅದಕ್ಕೇ ಭಾನುವಾರ ನೂಕುನುಗ್ಗಲಿನಲ್ಲಿ ಏಳುವುದಿಲ್ಲ ಎಂದು ಚರ್ಚಿನವರು ತಿಳಿದಿರಬೇಕು. ಅಥವಾ ಯಾರೂ ಏನೂ ತಿಳಿದಿರಲಿಲ್ಲ. ಇನ್ನೊಬ್ಬರ ಮೊಣಕಾಲಿನ ಕಡೆ ನೋಡುವಷ್ಟು ಪುರುಸೊತ್ತು ಯಾರಿಗಿರುತ್ತದೆ?

ಚರ್ಚಿನಲ್ಲಿ ಅವಳದು ಗೋಡೆ ಬದಿಯ ಜಾಗ. ಬೆಂಚಿನ ನಡುದಾರಿಯ ತುದಿಗೆ ಕೂತರೆ ಸಾಲು ಏಳುವಾಗ ಎಲ್ಲರಿಗೂ ಎದ್ದು ದಾರಿ ಬಿಡಬೇಕು, ನಿಂತವಳು ಮತ್ತೆ ಕೂರುವುದು ಎದ್ದು ಕಾಣುತ್ತದೆ. ಮಧ್ಯದಲ್ಲಿ ಕೂತರೆ ಜನ ಮೊಣಕಾಲು ಸವರಿಕೊಂಡು ದಾಟಬೇಕು, ದಾಟುವಾಗ ಒಂದು ಸಲ ಮುಖ ನೋಡುತ್ತಾರೆ. ಗೋಡೆಗೆ ಅಂಟಿಕೊಂಡು ಕೂತರೆ ಎಲ್ಲರೂ ಆಚೆಗೇ ಹೊರಟುಹೋಗುತ್ತಾರೆ, ಬೆಂಚು ಖಾಲಿಯಾಗುತ್ತದೆ, ಅವಳು ತಲೆವಸ್ತ್ರ ಮುಂದಕ್ಕೆಳೆದು ಮೊಣಕಾಲೂರಿದರೆ ಆಗಲೇ ಸ್ವೀಕರಿಸಿ ಬಂದವಳ ಹಾಗೆಯೇ ಕಾಣುತ್ತಾಳೆ. ಇದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ನೋವಿರುವ ಹಲ್ಲಿನ ಕಡೆ ಅಗಿಯದೆ ತಿನ್ನುವುದು ತಾನಾಗಿಯೇ ಬರುವ ಹಾಗೆ ಬಂತು.

ಅವಳ ಗಂಡ ಬಣ್ಣ ಬಳಿಯುವವನು. ಮದುವೆಯಾದ ಮೂರನೇ ವರ್ಷ ದೊಡ್ಡ ಕಟ್ಟಡದ ಕೆಲಸ ಸಿಕ್ಕಿತೆಂದು ಬೇರೆ ಊರಿಗೆ ಹೋದ. ಮೊದಮೊದಲು ತಿಂಗಳಿಗೊಮ್ಮೆ ಬಂದ, ಆಮೇಲೆ ಹಬ್ಬಕ್ಕೆ ಬಂದ, ಆಮೇಲೆ ಬರಲಿಲ್ಲ. ಅವನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಬಾಗಿಲಲ್ಲಿ ನಿಂತು, ಚಪ್ಪಲಿಯನ್ನೂ ಬಿಡದೆ, ಅಲ್ಲಿ ಅವನಿಗೆ ಇನ್ನೊಂದು ಸಂಸಾರ ಇದೆ, ಮಗುವೂ ಇದೆ ಎಂದು ಹೇಳಿ ಹೋದ. ಚಿಕ್ಕಿ ಅವನಿಗೆ ಕುಡಿಯಲು ನೀರು ಕೊಟ್ಟಳು. ಅವನು ಕುಡಿದು, ಉಳಿದ ನೀರಲ್ಲೇ ಲೋಟ ತೊಳೆದು ಹೊಸ್ತಿಲ ಮೇಲಿಟ್ಟ ಎನ್ನುವುದು ಅವಳಿಗೆ ಇವತ್ತಿಗೂ ನೆನಪಿದೆ. ಮನೆಯ ಬಾಡಿಗೆ ಒಬ್ಬಳ ಕೈಯಲ್ಲಿ ಆಗದು, ಒಂದು ಟ್ರಂಕು ಹಿಡಿದು ಅಕ್ಕನ ಮನೆಗೆ ಬಂದಳು.

ಅಕ್ಕನ ಮನೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅಕ್ಕ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಗಟ್ಟಿ ಹೆಂಗಸು. ಅಳತೆ ಟೇಪನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡೇ ಬಾಗಿಲು ತೆರೆದವಳು, ತಂಗಿಯನ್ನೂ ಟ್ರಂಕನ್ನೂ ನೋಡಿ, “ಒಳಗೆ ಬಾ, ಮೆಟ್ಟಿಲ ಮೇಲೆ ನಿಂತು ಅಳಬೇಡ, ಕೆಳಗಿನವರಿಗೆ ಪುಕ್ಕಟೆ ಸಿನಿಮಾ ಆಗುತ್ತೆ,” ಅಂದಳು. ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ ಹಾಸಿಗೆಗೆ ಜಾಗ ಮಾಡಿದಳು. ಅಷ್ಟರಮಟ್ಟಿಗೆ ಅಕ್ಕನ ಉಪಕಾರ ದೊಡ್ಡದು, ಚಿಕ್ಕಿ ಅದನ್ನು ಎಂದೂ ಅಲ್ಲಗಳೆದವಳಲ್ಲ.

ಬಂದ ಮೊದಲ ಭಾನುವಾರ ಇಬ್ಬರೂ ಚರ್ಚಿಗೆ ಹೋದರು. ಪರಮಪ್ರಸಾದಕ್ಕೆ ಸಾಲು ಎದ್ದಿತು. ಚಿಕ್ಕಿಯೂ ಎದ್ದಳು. ಅಕ್ಕ ಅವಳ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆದಳು.

“ನೀನು ಕೂತ್ಕೋ. ಮದುವೆ ಮುರಿದೋರಿಗೆ ಅದಿಲ್ಲ.”

ಚಿಕ್ಕಿ ಕೂತಳು. ಆಗಿದ್ದು ಇಷ್ಟೇ. ಯಾವ ಗುರುಗಳೂ ಹೇಳಲಿಲ್ಲ, ಯಾವ ಪುಸ್ತಕದಲ್ಲೂ ಓದಲಿಲ್ಲ. ಮಣಿಕಟ್ಟಿನ ಮೇಲೆ ಒಂದು ಕೈ, ಕಿವಿಯಲ್ಲಿ ಒಂದು ಮಾತು. ಅಕ್ಕ ಹೇಳಿದಳೆಂದರೆ ತಿಳಿದೇ ಹೇಳಿರುತ್ತಾಳೆ. ಅಮ್ಮ ಸತ್ತ ಮೇಲೆ ಶಿಲುಬೆಯ ಗುರುತು ಹಾಕುವುದನ್ನು ಅವಳಿಗೆ ಕಲಿಸಿದವಳೇ ಅಕ್ಕ. ಮರು ಭಾನುವಾರ ಏಳಲಿಲ್ಲ, ಅದರ ಮರುವಾರವೂ ಏಳಲಿಲ್ಲ. ಪಾಪನಿವೇದನೆಗೂ ಹೋಗುವುದು ಬಿಟ್ಟಳು. ಪರಿಹಾರವಿಲ್ಲದ ಪಾಪವನ್ನು ತಿರುಗಿ ತಿರುಗಿ ಹೇಳಿ ಗುರುಗಳ ತಲೆ ಯಾಕೆ ತಿನ್ನುವುದು ಅನ್ನಿಸಿತು. ದಿನಾ ಸಂಜೆ ಅಕ್ಕನ ಜೊತೆ ಜಪಸರ ಹೇಳಿದಳು, ಶುಕ್ರವಾರ ಮಾಂಸ ಬಿಟ್ಟಳು, ಗಂಡನ ಹೆಸರನ್ನು ರಾತ್ರಿಯ ಪ್ರಾರ್ಥನೆಯಲ್ಲಿ ಬಿಡದೆ ಸೇರಿಸಿದಳು. ಇನ್ನೊಬ್ಬ ಗಂಡಸಿನ ಕಡೆ ತಲೆಯೆತ್ತಲಿಲ್ಲ. ಕೇಳಿಕೊಂಡು ಬಂದವರು ಇರಲಿಲ್ಲ ಅಂತಲ್ಲ. ಗಂಟೆ ಹೊಡೆಯುವವನೇ ಒಂದು ಸಲ ಅಕ್ಕನ ಹತ್ತಿರ ಸುತ್ತುಬಳಸಿ ಮಾತೆತ್ತಿ ಬೈಸಿಕೊಂಡಿದ್ದ.

ವರ್ಷಗಳು ಹೋದವು. ಭಾವ ತೀರಿಕೊಂಡ. ಅಕ್ಕನ ಮಗಳು ಮದುವೆಯಾಗಿ ಪಟ್ಟಣದ ಆಚೆ ತುದಿಗೆ ಹೋದಳು. ಕಳೆದ ವರ್ಷ ಅಕ್ಕನಿಗೆ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಬಾಯಿ ಒಂದು ಕಡೆಗೆ ವಾಲಿತು. ನಾಲಗೆ ಮಾತ್ರ ಆ ವಾಲಿದ ಬಾಯಲ್ಲೂ ಹೇಗೋ ದಾರಿ ಮಾಡಿಕೊಂಡಿತು. ಚಿಕ್ಕಿ ಬೆಳಿಗ್ಗೆ ಎದ್ದು ಅಕ್ಕನ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿನ್ನಿಸಿ ಮಠಕ್ಕೆ ಹೋಗುವಳು. ಮಧ್ಯಾಹ್ನ ಓಡಿ ಬಂದು ಮಗ್ಗುಲು ಹೊರಳಿಸಿ ಮತ್ತೆ ಹೋಗುವಳು. ಭಾನುವಾರ ಬೆಳಿಗ್ಗೆ ಅಕ್ಕನ ಮಗಳು ಬಂದು ಕೂರುವುದರಿಂದ ಚಿಕ್ಕಿ ಪೂಜೆಗೆ ಹೋಗಬಹುದಿತ್ತು.

ಚರ್ಚಿಗೆ ಹೊಸ ಗುರುಗಳು ಬಂದರು. ಹೊಸಬರು ಅನ್ನುವುದು ಊರಿಗೆ ಮಾತ್ರ, ವಯಸ್ಸಿಗಲ್ಲ. ಮೊಣಕಾಲು ನೋವು, ಕಿವಿ ಸ್ವಲ್ಪ ಮಂದ, ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಒಂದು ಗೊಣಗಾಟ. ಪ್ರತಿ ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರ ಮನೆಮನೆಗೆ ಪರಮಪ್ರಸಾದ ಒಯ್ಯುವುದು ಅವರ ಪದ್ಧತಿ. ಬರುತ್ತಾರೆಂದು ತಿಳಿದು ಚಿಕ್ಕಿ ಹೊಲಿಗೆ ಯಂತ್ರದ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ ನಿಲ್ಲಿಸಿ, ಮೇಣದ ಬತ್ತಿ ಹಚ್ಚಿ, ಒಂದು ಲೋಟ ನೀರಿಟ್ಟಳು.

ಗುರುಗಳು ಏದುಸಿರು ಬಿಡುತ್ತ ಬಂದು, ಅಕ್ಕನ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಎದೆಯ ಮೇಲಿದ್ದ ಸಣ್ಣ ದುಂಡನೆಯ ಡಬ್ಬಿ ತೆರೆದರು. ಅಕ್ಕನ ನಾಲಗೆಯ ಎಡಗಡೆಗೆ ಒಂದು ಚೂರಿಟ್ಟರು. ಚಿಕ್ಕಿ ನೀರು ಕುಡಿಸಿದಳು. ಡಬ್ಬಿ ಮುಚ್ಚುವ ಮೊದಲು ಗುರುಗಳು ತಲೆಯೆತ್ತಿ ಕೇಳಿದರು, “ನೀವೂ ತಗೋತೀರೇನಮ್ಮ?”

“ಇಲ್ಲ ಫಾದರ್.”

“ಆಗಲೇ ತಗೊಂಡಿದ್ದೀರಾ?”

“ಇಲ್ಲ ಫಾದರ್. ನನಗೆ ಇಲ್ಲ.”

ಕಿವಿ ಮಂದವಾದ್ದರಿಂದ ಅವರು ಮುಂದಕ್ಕೆ ಬಾಗಿದರು. “ಯಾಕಿಲ್ಲ?”

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಚಿಕ್ಕಿ ಬಟ್ಟೆಯ ಅಂಚನ್ನು ಸರಿಮಾಡುತ್ತ ಹೇಳಿದಳು, “ನನ್ನ ಗಂಡ ಬಿಟ್ಟು ಹೋಗಿದ್ದಾರೆ. ಅಲ್ಲಿ ಬೇರೆ ಸಂಸಾರ ಇದೆ.”

“ನಿಮಗೆ?”

“ನನಗೆ ಏನು?”

“ನೀವು ಬೇರೆ ಮದುವೆ ಆದಿರಾ? ಯಾರ ಜೊತೆಗಾದರೂ ಇದ್ದೀರಾ?”

“ಇಲ್ಲ ಸ್ವಾಮಿ.” ಅವಳ ಮುಖ ಕೆಂಪೇರಿತು. “ಅಕ್ಕನ ಜೊತೆ ಇದ್ದೀನಿ.”

ಗುರುಗಳು ಅವಳನ್ನೇ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ತಮ್ಮ ಮಂದ ಕಿವಿಗೂ ಕೇಳದಷ್ಟು ಮೆಲ್ಲಗೆ ಅಂದರು, “ಅಮ್ಮ, ಬಿಟ್ಟು ಹೋದವನು ಅವನು. ನೀವು ಎಲ್ಲಿಗೆ ಹೋದಿರಿ? ನಿಮಗೆ ಯಾವ ಅಡ್ಡಿಯೂ ಇಲ್ಲ. ಯಾವತ್ತೂ ಇರಲಿಲ್ಲ. ಎಷ್ಟು ದಿನದಿಂದ ಹೀಗಿದ್ದೀರಿ?”

ಚಿಕ್ಕಿ ಮಂಚದ ಕಡೆ ನೋಡಿದಳು. ಅಕ್ಕ ಕಣ್ಣು ಮುಚ್ಚಿದ್ದಳು. ಪರಮಪ್ರಸಾದ ಸ್ವೀಕರಿಸಿದವರು ಮುಚ್ಚುವ ಹಾಗೆ ಅಲ್ಲ, ಬಿಗಿಯಾಗಿ, ಹೊಡೆತ ಕಾಯುವವರ ಹಾಗೆ.

“ಶನಿವಾರ ಸಂಜೆ ಪಾಪನಿವೇದನೆಗೆ ಕೂತಿರ್ತೀನಿ, ಬನ್ನಿ,” ಎಂದು ಗುರುಗಳು ಎದ್ದರು. ಮೆಟ್ಟಿಲು ಇಳಿಯುವಾಗ ಗೊಣಗಾಟ ಕೇಳಿಸಲಿಲ್ಲ.

ಚಿಕ್ಕಿ ಬತ್ತಿ ಆರಿಸಿದಳು. ಬಟ್ಟೆ ಮಡಿಸಿದಳು. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದಳು.

“ಅಕ್ಕ, ನಿನಗೆ ಯಾರು ಹೇಳಿದ್ರು?”

ಅಕ್ಕ ಕಣ್ಣು ತೆರೆಯಲಿಲ್ಲ.

“ಆಗ ಯಾರನ್ನ ಕೇಳಿದ್ದೆ? ಹಳೇ ಗುರುಗಳನ್ನ ಕೇಳಿದ್ಯಾ?”

“ಎಲ್ಲರೂ ಹಾಗೇ ಅಂತಿದ್ರು.”

“ಎಲ್ಲರೂ ಅಂದ್ರೆ ಯಾರು?”

“ಎಲ್ಲರೂ ಅಂದ್ರೆ ಎಲ್ಲರೂ.” ವಾಲಿದ ಬಾಯಿಂದ ಮಾತು ನಿಧಾನಕ್ಕೆ ಬಂತು. “ನೀನೇ ಕೇಳಬಹುದಿತ್ತಲ್ಲ. ನಿನ್ನ ಬಾಯಿಗೇನು ಬೀಗ ಹಾಕಿದ್ನಾ? ಸಿಸ್ಟರುಗಳ ಮಧ್ಯೆ ಬಿದ್ದಿದ್ದೀಯ ದಿನಾ. ಒಂದು ಮಾತು ಕೇಳೋಕಾಗಲಿಲ್ವಾ?”

ಅದು ನಿಜ. ನಿಜವಾದ್ದರಿಂದಲೇ ಅದನ್ನು ಚಿಕ್ಕಿಗೆ ತಡೆಯಲಾಗಲಿಲ್ಲ. ಇವಳು ಅಕ್ಕನನ್ನು ನಂಬಿದಳು, ಕೇಳಲಿಲ್ಲ. ಅಕ್ಕ ಊರಿನ ಬಾಯನ್ನು ನಂಬಿದಳು, ಕೇಳಲಿಲ್ಲ. ಬಾಗಿಲು ತೆರೆದೇ ಇತ್ತು. ಇಬ್ಬರಲ್ಲಿ ಒಬ್ಬರೂ ತಳ್ಳಿ ನೋಡಿರಲಿಲ್ಲ. ಚಿಕ್ಕಿ ಚೀಲ ತೆಗೆದುಕೊಂಡು ಮಠಕ್ಕೆ ನಡೆದಳು.

ಮರುದಿನ ಶನಿವಾರ ಗುರುಗಳ ಹತ್ತಿರ ಹೋಗಲಿಲ್ಲ. ಅವತ್ತಿನಿಂದ ಅವಳು ಅಕ್ಕನ ಜೊತೆ ಮಾತು ಬಿಟ್ಟಳು. ಕೆಲಸ ಒಂದನ್ನೂ ಬಿಡಲಿಲ್ಲ. ಮೈ ಒರೆಸುವ ನೀರು ಅದೇ ಬಿಸಿ, ಹಾಲು ಅದೇ ಹದ, ಬೆನ್ನಿಗೆ ಪೌಡರು ಅದೇ ಹೊತ್ತಿಗೆ. ಮಾತು ಮಾತ್ರ ಇಲ್ಲ. ಸಂಜೆಯ ಜಪಸರವನ್ನೂ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಮನಸ್ಸಿನಲ್ಲಿ ಹೇಳಿಕೊಂಡಳು. ಒಳಗಿನಿಂದ ಅಕ್ಕ ಗಟ್ಟಿಯಾಗಿ ಅರ್ಧ ಪ್ರಾರ್ಥನೆ ಹೇಳಿ, ಉಳಿದರ್ಧಕ್ಕೆ ತಂಗಿಯ ದನಿ ಬರುತ್ತದೇನೋ ಎಂದು ಕಾಯುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ಕಾದು, ಉಳಿದರ್ಧವನ್ನೂ ತಾನೇ ಹೇಳಿ ಮುಂದಿನ ಮಣಿಗೆ ಹೋಗುತ್ತಿದ್ದಳು.

ಮೊದಲೆಲ್ಲ ಚಿಕ್ಕಿಗೆ ಸಿಟ್ಟು ಎನ್ನುವುದೇ ಇರಲಿಲ್ಲ. ಗಂಡನ ಮೇಲೆ ಕೂಡ ಇದ್ದದ್ದು ದುಃಖ. ಈಗ ಹಂಚಿನ ಮುಂದೆ ನಿಂತಾಗ ಒಂದೊಂದೇ ನೆನಪಿಗೆ ಬರತೊಡಗಿತು. ಅಕ್ಕನ ಮಗಳು ಮೊದಲ ಪರಮಪ್ರಸಾದ ತೆಗೆದುಕೊಂಡ ದಿನ ಇಡೀ ಮನೆ ಸಾಲಾಗಿ ಮುಂದೆ ಹೋಗಿ ನಿಂತಿದ್ದಾಗ, ಆ ಬಿಳಿ ಬಟ್ಟೆಯ ಹುಡುಗಿ ತಿರುಗಿ ತನ್ನನ್ನು ಹುಡುಕಿದ್ದು. ಭಾವನ ಅಂತ್ಯಕ್ರಿಯೆಯ ಪೂಜೆಯಲ್ಲೂ ತಾನೊಬ್ಬಳೇ ಬೆಂಚಿನಲ್ಲಿ ಉಳಿದದ್ದು. ಒಮ್ಮೆ ತಾನು ಹೊಟ್ಟೆಯ ಆಪರೇಷನ್ನಿಗೆ ಹೋಗುವ ಹಿಂದಿನ ಸಂಜೆ ಎದುರಾದ ಹಳೇ ಗುರುಗಳು ‘ಬಂದು ಸ್ವೀಕರಿಸಿ ಹೋಗಮ್ಮ’ ಅಂದದ್ದು, ತಾನು ‘ನೋಡ್ತೀನಿ ಫಾದರ್’ ಎಂದು ಜಾರಿಕೊಂಡದ್ದು. ಸತ್ತರೆ ಹೀಗೇ ಸಾಯಬೇಕಲ್ಲ ಎಂದು ಆಸ್ಪತ್ರೆಯ ಗಾಲಿಮಂಚದ ಮೇಲೆ ಮಲಗಿದ್ದದ್ದು. ಯಾವುದೂ ಬೇಕಿರಲಿಲ್ಲ. ಒಂದೂ ಬೇಕಿರಲಿಲ್ಲ.

“ಏ ಚಿಕ್ಕಿ, ಸಿಳ್ಳೆ ನಿಂತು ಯಾವ ಕಾಲ ಆಯ್ತು,” ಎಂದು ಹಂಚಿನ ಸಿಸ್ಟರು ಓಡಿ ಬಂದು ಹಂಚು ತೆರೆದರು. ಹಾಳೆ ಕಂದಾಗಿತ್ತು. ಅವತ್ತಿಗೆ ಅದು ಎಷ್ಟನೆಯದೋ. “ಹೀಗೆ ಸುಟ್ಟರೆ ಈ ಭಾನುವಾರ ಜನಕ್ಕೆ ಬಿಸ್ಕತ್ತು ಹಂಚಬೇಕಾಗುತ್ತೆ. ಏನಾಗಿದೆ ನಿನಗೆ?”

ಚಿಕ್ಕಿ ಹಂಚಿನ ಸ್ವಿಚ್ಚು ಆರಿಸಿ, ಸ್ಟೂಲಿನ ಮೇಲೆ ಕೂತು, ಎಲ್ಲವನ್ನೂ ಹೇಳಿದಳು. ಹೇಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಿಸ್ಟರು ಕೈಯಲ್ಲಿ ಸೌಟು ಹಿಡಿದೇ ಕೇಳಿದರು. ಸೌಟಿನಿಂದ ಹಿಟ್ಟು ತೊಟ್ಟಿಕ್ಕಿ ಅವರ ಚಪ್ಪಲಿಯ ಮೇಲೆ ಬಿತ್ತು.

“ನನ್ನ ಪಕ್ಕದಲ್ಲೇ ಇದ್ದೆಯಲ್ಲೇ,” ಅಂದರು ಕೊನೆಗೆ. “ನಾನೊಬ್ಬಳು ಕುರುಡಿ. ಹಂಚು ನೋಡಿದೆ, ನಿನ್ನ ನೋಡಲಿಲ್ಲ.” ಆಮೇಲೆ ಮೂಗು ಒರೆಸಿಕೊಂಡು, “ಆಯ್ತಲ್ಲ, ಗೊತ್ತಾಯ್ತಲ್ಲ. ಇನ್ನು ಹೋಗು, ತಗೋ. ಇನ್ನೇನು ಯೋಚನೆ?”

“ಈಗಲೇ ಹೋಗೋಕಾಗಲ್ಲ ಸಿಸ್ಟರ್.”

“ಯಾಕೆ?”

“ಆಗ ಇಲ್ಲದ ಅಡ್ಡಿ ಈಗ ಇದೆ. ಮನೆಗೆ ಹೋಗಿ ಅವಳ ಮುಖ ಕಂಡ್ರೆ ಮೈಯೆಲ್ಲ ಉರಿಯುತ್ತೆ. ಒಡಹುಟ್ಟಿದವರ ಜೊತೆ ರಾಜಿಯಾಗಿ ಬಂದ ಮೇಲೆ ಪೀಠದ ಹತ್ತಿರ ಬಾ ಅಂತ ಯೇಸುಸ್ವಾಮೀನೇ ಹೇಳಿದ್ದಾರಲ್ಲ. ಈ ಉರಿ ಇಟ್ಟುಕೊಂಡು ಹೇಗೆ ಹೋಗಲಿ?”

ಸಿಸ್ಟರು ಸೌಟನ್ನು ಪಾತ್ರೆಗೆ ಹಾಕಿದರು. “ಇದು ನನ್ನ ಹಂಚಿಗೆ ಮೀರಿದ್ದು. ಶನಿವಾರ ಹೋಗು ಅವರ ಹತ್ತಿರ.”

ಶನಿವಾರ ಸಂಜೆ ಚರ್ಚಿನಲ್ಲಿ ನೆಲ ಒರೆಸುವವಳು ಬಿಟ್ಟರೆ ಯಾರೂ ಇರಲಿಲ್ಲ. ಪಾಪನಿವೇದನೆಯ ಗೂಡಿನಲ್ಲಿ, ಜಾಲರಿಯ ಆಚೆ, ಗುರುಗಳ ಉಸಿರು ಕೇಳುತ್ತಿತ್ತು. ಶುರು ಮಾಡುವ ಮಾತುಗಳು ಮರೆತೇ ಹೋಗಿದ್ದವು. ಅವರೇ ಒಂದೊಂದಾಗಿ ಹೇಳಿಕೊಟ್ಟರು. ಅವಳು ಅಷ್ಟು ವರ್ಷದ್ದನ್ನು ಸಾಧ್ಯವಾದಷ್ಟು ಹೇಳಿದಳು: ಕೋಪ, ಚಾಡಿ, ಜಪದಲ್ಲಿ ನಿದ್ದೆ. ಕೊನೆಗೆ ಅಕ್ಕನ ವಿಷಯಕ್ಕೆ ಬಂದು ನಿಂತಳು.

“ಕ್ಷಮಿಸೋಕಾಗ್ತಿಲ್ಲ ಫಾದರ್.”

“ಗಟ್ಟಿಯಾಗಿ ಹೇಳಿ ಅಮ್ಮ.”

ನೆಲ ಒರೆಸುವವಳು ಬಾಗಿಲಾಚೆ ಹೋಗುವವರೆಗೆ ಕಾದು ಗಟ್ಟಿಯಾಗಿ ಹೇಳಿದಳು.

“ಅವಳಿಗೆ ಕೆಟ್ಟದಾಗಲಿ ಅನ್ನಿಸುತ್ತಾ?”

“ಇಲ್ಲ. ಅವಳ ಮೈ ನಾನೇ ಒರೆಸ್ತೀನಿ. ಒಂದು ಗಾಯ ಆಗೋಕೆ ಬಿಟ್ಟಿಲ್ಲ. ಆದರೆ ಮಾತು ಹೊರಡಲ್ಲ.”

ಗುರುಗಳು ಜಾಲರಿಗೆ ಇನ್ನಷ್ಟು ಹತ್ತಿರ ಬಾಗಿದರು. “ಕ್ಷಮೆ ಅನ್ನೋದು ಉರಿ ಆರಿದ ಮೇಲೆ ಮಾಡೋ ಕೆಲಸ ಅಲ್ಲಮ್ಮ. ಉರಿ ಇರುವಾಗಲೇ ಶುರು ಮಾಡಬೇಕು. ಆರೋದು ದೇವರು ಕೊಟ್ಟಾಗ ಆರುತ್ತೆ. ಕ್ಷಮಿಸಬೇಕು ಅಂತ ಮನಸ್ಸಿದೆಯಾ?”

ಅವಳು ಯೋಚಿಸಿದಳು. ಸುಳ್ಳು ಹೇಳುವ ಜಾಗವಲ್ಲ ಅದು. “ಮನಸ್ಸು ಬರಲಿ ಅನ್ನೋ ಆಸೆ ಇದೆ.”

“ಸಾಕು. ಪ್ರಾಯಶ್ಚಿತ್ತಕ್ಕೆ ಜಪ ಬೇಡ, ಅದನ್ನ ನೀವು ಬೇಕಾದಷ್ಟು ಮಾಡಿದ್ದೀರಿ. ಮನೆಗೆ ಹೋಗಿ ಅಕ್ಕನ ಪಕ್ಕ ಕೂತು ಮಾತಾಡಿ. ಏನು ಮಾತಾದರೂ ಸರಿ.” ಆಮೇಲೆ ಪಾಪಪರಿಹಾರದ ಮಾತುಗಳನ್ನು ಹೇಳಿದರು. ಚಿಕ್ಕಿ ಅವುಗಳನ್ನು ತಲೆತಗ್ಗಿಸಿ ಕೇಳಿದಳು. ಅಳು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ.

ಮನೆಯಲ್ಲಿ ದೀಪ ಹಾಕಿ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು. ಅಕ್ಕ ಕತ್ತು ಹೊರಳಿಸಿ ನೋಡಿದಳು. ಬಾಯಿ ಬಿಟ್ಟರೆ ಏನು ಬರುತ್ತದೋ ಎಂದು ಚಿಕ್ಕಿಗೇ ಹೆದರಿಕೆ.

“ಹಾಲಿಗೆ ಸಕ್ಕರೆ ಸಾಕಾಗಿತ್ತಾ ಬೆಳಿಗ್ಗೆ?” ಅಂದಳು.

“ಒಂದು ವಾರದಿಂದ ಸಕ್ಕರೆನೇ ಇಲ್ಲ,” ಅಂದಳು ಅಕ್ಕ. “ಸಿಟ್ಟಲ್ಲಿ ಮರೀತಿದ್ದೀಯ. ಹೇಳೋಣ ಅಂದ್ರೆ ನೀನು ಮುಖಾನೇ ತೋರಿಸ್ತಿರಲಿಲ್ಲ.”

“ಕೇಳಬಹುದಿತ್ತಲ್ಲ.”

“ಹ್ಞೂಂ. ಕೇಳಬಹುದಿತ್ತು.”

ಕೆಳಗಿನ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತು, ಬಾಗಿಲು ಎಳೆಯುವ ಸದ್ದಾಯಿತು. ಅಕ್ಕ ಸೂರು ನೋಡುತ್ತ ಮಾತಾಡಿದಳು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಬಾಯನ್ನು ಸರಿಮಾಡಿಕೊಳ್ಳುತ್ತ.

“ಮೊದಲು ನಾನು ನಿಜಕ್ಕೂ ಹಾಗೇ ಅಂದ್ಕೊಂಡಿದ್ದೆ. ಗುರುಗಳನ್ನ ಕೇಳೋಣ ಅನ್ನಿಸಿತ್ತು. ಕೇಳಿದ್ರೆ, ನಿನ್ನ ತಂಗಿ ಗಂಡ ಎಲ್ಲಿ ಅಂತ ಕೇಳ್ತಾರೆ. ಬಾಯಿ ಬಿಟ್ಟು ಹೇಳಬೇಕು. ನಾಚಿಕೆ ಆಯ್ತು. ಇವತ್ತು ನಾಳೆ ಅಂತ ಹೋಯ್ತು.”

“ಇಷ್ಟು ವರ್ಷಾನಾ?”

“ಕೇಳು. ಆಮೇಲೆ ಒಂದು ಸಲ ಮಠದ ಸಿಸ್ಟರೊಬ್ಬರು ಬೇರೆ ಯಾರದೋ ವಿಷಯಕ್ಕೆ ಹೇಳ್ತಿದ್ದರು, ಗಂಡ ಬಿಟ್ಟು ಹೋದ ಹೆಂಗಸಿಗೆ ಅಡ್ಡಿ ಇಲ್ಲ ಅಂತ. ನನ್ನ ಕಿವಿಗೆ ಬಿತ್ತು.”

ಚಿಕ್ಕಿಯ ಕೈ ಮಂಚದ ಪಟ್ಟಿಯನ್ನು ಹಿಡಿಯಿತು.

“ಹೇಳಲಿಲ್ಲ ನಿನಗೆ,” ಅಂದಳು ಅಕ್ಕ. “ನಿನ್ನ ಭಾವ ಹೇಗಿದ್ದ ಅಂತ ನೀನು ಕಂಡಿದ್ದೀಯ. ಕುಡಿದು ಬಂದು ಹೊಡೀತಿದ್ದ, ನೀನು ಆ ಕೋಣೆಯಲ್ಲಿ ಕೇಳಿಸಿಕೊಂಡು ಮಲಗಿರ್ತಿದ್ದೆ. ಬೆಳಿಗ್ಗೆ ನನ್ನ ಮುಖ ನೋಡಿ ನೀನು ಪಾಪ ಅನ್ನೋ ಹಾಗೆ ನೋಡ್ತಿದ್ದೆ. ಗಂಡ ಬಿಟ್ಟೋಳು ನನ್ನ ನೋಡಿ ಪಾಪ ಅಂತಾಳಲ್ಲ ಅಂತ ಹೊಟ್ಟೆ ಉರಿಯೋದು. ಭಾನುವಾರ ಸಾಲಲ್ಲಿ ನಿಂತಾಗ ಮಾತ್ರ ನಾನು ನಿನಗಿಂತ ಒಂದು ಕೈ ಮೇಲು. ಅದೊಂದೇ ಇತ್ತು ನನಗೆ. ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ.”

ಇದನ್ನು ಕೇಳುವುದಕ್ಕಿಂತ ಕೇಳದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಚಿಕ್ಕಿಗೆ. ತಿಳಿಯದೆ ಮಾಡಿದ್ದು ಎಂದಿದ್ದರೆ ಉರಿ ಅರ್ಧ ಆರಿರುತ್ತಿತ್ತು. ಈಗ ಅದಕ್ಕೆ ಹೊಸ ಸೌದೆ ಬಿತ್ತು. ಎದ್ದು ಹೋಗೋಣ ಎಂದು ಕಾಲು ಊರಿದಳು. ಆದರೆ ಆ ಗೋಡೆಯಾಚೆಯ ರಾತ್ರಿಗಳೂ ನೆನಪಾದವು. ಭಾವನ ಕೈ ಬೀಳುವ ಸದ್ದು, ಅಕ್ಕ ಒಂದು ಸಲವೂ ಕೂಗದೆ ಇರುತ್ತಿದ್ದದ್ದು, ತಾನು ಹೊದಿಕೆ ತಲೆಗೆಳೆದುಕೊಂಡು, ಬಾಗಿಲು ತಟ್ಟದೆ, ಜಪಸರದ ಮಣಿ ಎಣಿಸುತ್ತಿದ್ದದ್ದು. ತಟ್ಟಬಹುದಿತ್ತು. ಯಾವ ಬಾಗಿಲನ್ನೂ ತಟ್ಟದ ಮನೆ ಇದು.

“ಅಕ್ಕ, ಇವತ್ತು ನನಗೆ ಪೂರ್ತಿ ಕ್ಷಮಿಸೋಕೆ ಬರ್ತಿಲ್ಲ,” ಅಂದಳು. “ಶುರು ಮಾಡಿದ್ದೀನಿ. ಅಷ್ಟೇ.”

“ನಿಧಾನಕ್ಕೆ ಮಾಡು. ನಾನೆಲ್ಲಿಗೆ ಓಡಿ ಹೋಗ್ತೀನಿ, ಒಂದು ಕಾಲೇ ಬರಲ್ಲ.”

ಚಿಕ್ಕಿಗೆ ನಗು ಬಂತು. ಬೇಡವೆಂದರೂ ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಅಕ್ಕನ ಕಣ್ಣಿನಿಂದ ನೀರು ವಾಲಿದ ಕಡೆಗೆ ಹರಿದು ದಿಂಬಿಗಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಅವಳ ಬಲಗೈ ಏಳುತ್ತಿರಲಿಲ್ಲ, ಎಡಗೈಯನ್ನು ಅವಳು ಎತ್ತಲಿಲ್ಲ. ಚಿಕ್ಕಿ ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದಳು. ಆಮೇಲೆ ಒರೆಸಿದಳು.

ಭಾನುವಾರ ಅಕ್ಕನ ಮಗಳು ಬಂದಳು, ಚಿಕ್ಕಿ ಹೊರಟಳು. ಎಲ್ಲಿ ಕೂರಬೇಕೆಂದು ತಿಳಿಯದೆ ಎರಡು ಬೆಂಚು ದಾಟಿ, ಹಿಂದೆ ಬಂದು, ಎಲ್ಲೋ ಒಂದು ಕಡೆ ಕೂತಳು. ಸಾಲು ಎದ್ದಾಗ ಎದ್ದಳು. ಮಣಿಕಟ್ಟನ್ನು ಯಾರೂ ಹಿಡಿಯಲಿಲ್ಲ. ಅವಳು ಹಿಂದೆ ಸ್ವೀಕರಿಸುತ್ತಿದ್ದ ಕಾಲಕ್ಕೆ ಮೊಣಕಾಲೂರಿ ನಾಲಗೆ ಚಾಚುವುದಿತ್ತು. ಈಗ ಎಲ್ಲರೂ ನಿಂತು ಕೈ ಒಡ್ಡುತ್ತಿದ್ದರು. ಇಷ್ಟು ವರ್ಷ ಆ ಹೊತ್ತಿಗೆ ತಲೆ ತಗ್ಗಿಸಿಯೇ ಇದ್ದವಳು ಅದನ್ನು ನೋಡಿ ಕಲಿತಿರಲಿಲ್ಲ. ಎಡಗೈ ಮೇಲೋ ಬಲಗೈ ಮೇಲೋ ತಿಳಿಯದೆ ಮುಂದಿದ್ದ ದಪ್ಪ ಹೆಂಗಸಿನ ಮೊಣಕೈಯನ್ನೇ ಬಗ್ಗಿ ಬಗ್ಗಿ ನೋಡಿದಳು. ಆ ಹೆಂಗಸು ತಿರುಗಿ, ಏನು ಬೇಕು ಅನ್ನುವ ಹಾಗೆ ಹುಬ್ಬೇರಿಸಿದಳು. ಗುರುಗಳು ಅವಳನ್ನು ಗುರುತು ಹಿಡಿದರೋ ಇಲ್ಲವೋ, ಎಲ್ಲರಿಗೂ ಹೇಳಿದ ಮಾತನ್ನೇ ಹೇಳಿದರು. ಅವಳು ಆಮೆನ್ ಅಂದಳು. ಬಾಯಿ ಒಣಗಿದ್ದರಿಂದ ಅಂಗುಳಿಗೆ ಅಂಟಿಕೊಂಡು ಕರಗಲು ಹೊತ್ತು ಹಿಡಿಯಿತು.

ತಿರುಗಿ ಬಂದು ಮೊಣಕಾಲೂರಿದಳು. ಅಕ್ಕಪಕ್ಕದವರು ಅವರವರ ಪ್ರಾರ್ಥನೆಯಲ್ಲಿದ್ದರು. ಒಬ್ಬರೂ ಅವಳ ಕಡೆ ನೋಡಲಿಲ್ಲ. ನೋಡಲಿ ಎಂದು ಅವಳು ಬಯಸಿಯೂ ಇರಲಿಲ್ಲ. ಆದರೂ ಹಾಡು ಮುಗಿದು ಜನ ಗುಂಪುಗುಂಪಾಗಿ ಅಂಗಳಕ್ಕೆ ಇಳಿದಾಗ, ಯಾರಿಗಾದರೂ ಹೇಳಬೇಕು ಅನ್ನಿಸಿತು. ಗಂಟೆಯವನಿಗೆ? ನೆಲ ಒರೆಸುವವಳಿಗೆ? ಹೋಗದೆ ಇದ್ದದ್ದೇ ತಿಳಿಯದವರಿಗೆ ಹೋದೆ ಎನ್ನುವುದು ಏನು ಸುದ್ದಿ? ಅವಳು ಮನೆಯ ಕಡೆ ನಡೆದಳು.

ಅಕ್ಕನ ಮಗಳು ಬಾಗಿಲಲ್ಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. “ಅಮ್ಮ ಬೆಳಿಗ್ಗೆಯಿಂದ ಬಾಗಿಲು ನೋಡ್ತಾನೇ ಇದ್ದಾಳೆ ಚಿಕ್ಕಿ, ಏನು ತರೋಕೆ ಹೇಳಿದ್ಲು ನಿನಗೆ?” ಎಂದು ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದು ಹೋದಳು.

“ಹೋದ್ಯಾ?” ಅಂದಳು ಅಕ್ಕ ಒಳಗಿನಿಂದ.

“ಹೋದೆ.”

“ನನ್ನ ಹೆಸರು ಹೇಳಿದ್ಯಾ ಅಲ್ಲಿ?”

ಚಿಕ್ಕಿ ತಲೆವಸ್ತ್ರ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಹೇಳಿದೆ ಅಂದರೆ ಆಗುತ್ತಿತ್ತು. “ಇಲ್ಲ. ಬಾಯಿಗೆ ಬರಲಿಲ್ಲ. ಮುಂದಿನ ವಾರ ನೋಡ್ತೀನಿ.”

“ಆಗಲಿ.” ಅಕ್ಕ ಎಡಗೈಯಿಂದ ಹೊದಿಕೆ ಸರಿಸಿ, “ಕೈಯಲ್ಲಿ ಕೊಟ್ರಾ, ನಾಲಗೆ ಮೇಲಾ?” ಅಂದಳು.

“ಕೈಯಲ್ಲಿ. ಎಡಗೈ ಮೇಲೆ ಇರಬೇಕಂತೆ. ನನ್ನ ಮುಂದೆ ಒಬ್ಬಳು ದಪ್ಪನೆಯವಳು ಇದ್ಲು, ಅವಳನ್ನ ನೋಡಿ ಕಲಿಯೋಣ ಅಂತ ಬಗ್ಗಿದ್ರೆ...” ಚಿಕ್ಕಿ ಮಂಚದ ಅಂಚಿನಲ್ಲಿ ಕೂತು, ಮೊದಲಿನಿಂದ ಹೇಳತೊಡಗಿದಳು.